ಹಳೆ ಕಾರಿನ ಕ್ಯಾಲಿಪರ್: ಪ್ಯಾಡ್ ಬದಲಿಸಿದರೂ ಬಿಡದ ಬ್ರೇಕ್

ಹದಿನೈದು ವರ್ಷ ದಾಟಿದ ಕಾರಿನ ಮುಂದಿನ ಚಕ್ರ ಬಿಚ್ಚಿ ನೋಡಿದರೆ ಒಳಗಿನ ಪ್ಯಾಡ್ ತಗಡಿಗೆ ಇಳಿದಿರುತ್ತದೆ, ಹೊರಗಿನದು ಅರ್ಧಕ್ಕರ್ಧ ಉಳಿದಿರುತ್ತದೆ. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗುವ ಮದ್ದು ಒಂದೇ, ಹೊಸ ಪ್ಯಾಡ್ ಸೆಟ್. ಹಾಕಿಸಿ ವರ್ಷ ತುಂಬುವುದರೊಳಗೆ ಮತ್ತದೇ ಕಥೆ. ಸವೆಯುವುದು ಪ್ಯಾಡಿನ ಧರ್ಮ, ಅದು ತನ್ನ ಕೆಲಸ ಮಾಡಿದೆ. ಕೆಲಸ ಬಿಟ್ಟಿರುವುದು ಅದನ್ನು ಒತ್ತಿ, ಆಮೇಲೆ ಬಿಡಬೇಕಾದ ಕ್ಯಾಲಿಪರ್.

ಇಲ್ಲಿ ಹೇಳುವುದೆಲ್ಲ ಝೆನ್, ಎಸ್ಟೀಮ್, ಸ್ಯಾಂಟ್ರೋ, ಇಂಡಿಕಾ ಕಾಲದ ಸಣ್ಣ ಕಾರುಗಳಿಗೆ ಅನ್ವಯಿಸುತ್ತದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಮುಂದಿನ ಕ್ಯಾಲಿಪರಿನಲ್ಲಿ ಒಂದೇ ಪಿಸ್ಟನ್. ಹಿಂದೆಯೂ ಡಿಸ್ಕ್ ಇದ್ದು ಹ್ಯಾಂಡ್‌ಬ್ರೇಕ್ ಕೂಡ ಅದೇ ಕ್ಯಾಲಿಪರಿನಲ್ಲಿದ್ದರೆ ಪಿಸ್ಟನ್ನನ್ನು ಒತ್ತಿ ಒಳಗೆ ಕಳಿಸಲು ಆಗದು, ತಿರುಗಿಸುತ್ತಾ ಕಳಿಸಬೇಕು. ಅದರ ವಿಷಯ ಇಷ್ಟಕ್ಕೇ ಬಿಡುತ್ತೇನೆ.

ಬ್ರೇಕ್ ಬಿಡುವುದು ಹೇಗೆ

ಪೆಡಲ್ ಒತ್ತಿದರೆ ಪಿಸ್ಟನ್ ಹೊರಬಂದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದರ ಪ್ರತಿಬಲಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಒಳಮುಖವಾಗಿ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಇದು ಬಹುತೇಕರಿಗೆ ಗೊತ್ತು. ಕಾಲು ತೆಗೆದ ಮೇಲೆ ಪಿಸ್ಟನ್ ಹಿಂದೆ ಹೋಗುವುದು ಹೇಗೆ ಎಂದು ಕೇಳಿದರೆ ಹೆಚ್ಚಿನವರು ಯಾವುದೋ ಸ್ಪ್ರಿಂಗ್ ಇರಬೇಕು ಅನ್ನುತ್ತಾರೆ. ಕ್ಯಾಲಿಪರಿನೊಳಗೆ ಸ್ಪ್ರಿಂಗ್ ಇಲ್ಲ. ಆ ಕೆಲಸ ಮಾಡುವುದು ಪಿಸ್ಟನ್ ಸೀಲ್.

ಪಿಸ್ಟನ್ ಓಡಾಡುವ ಕೊಳವೆಯಂಥ ಬೋರಿನ ಒಳಗೋಡೆಯಲ್ಲಿ ಒಂದು ಗ್ರೂವ್, ಅದರಲ್ಲಿ ಕೂತ ರಬ್ಬರ್ ಬಳೆ. ಕತ್ತರಿಸಿ ನೋಡಿದರೆ ಅದರ ಅಂಚು ಚೌಕಾಕಾರ. ಪಿಸ್ಟನ್ ಮುಂದೆ ಹೋಗುವಾಗ ಈ ಬಳೆ ಅದನ್ನು ಬಿಗಿಯಾಗಿ ಅಪ್ಪಿಕೊಂಡು ತಾನೂ ಸ್ವಲ್ಪ ವಾಲುತ್ತದೆ. ಒತ್ತಡ ಹೋದಾಗ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಹಿಂದಕ್ಕೆಳೆಯುತ್ತದೆ. ಎಳೆಯುವ ದೂರ ಕೂದಲೆಳೆಯಷ್ಟು, ಒಂದು ಮಿ.ಮೀ.ನ ಹತ್ತನೇ ಒಂದು ಭಾಗದ ಆಸುಪಾಸು. ಈ ಅಳತೆ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಇಷ್ಟು ಸಣ್ಣ ಚಲನೆಯನ್ನು ತಡೆಯಲು ದೊಡ್ಡ ಅಡ್ಡಿಯೇನೂ ಬೇಡ. ಪಿನ್ನಿನ ಮೇಲೆ ಒಣಗಿದ ಗ್ರೀಸ್, ಗ್ರೂವಿನಲ್ಲಿ ಚಿಟಿಕೆ ತುಕ್ಕು, ಗಟ್ಟಿಯಾದ ರಬ್ಬರ್, ಇವುಗಳಲ್ಲಿ ಯಾವುದಾದರೂ ಒಂದು ಸಾಕು.

ಬಿಚ್ಚುವ ಮೊದಲೇ ಪತ್ತೆ ಮಾಡಿ

ಹಳೆ ಪ್ಯಾಡ್‌ಗಳನ್ನು ಎಸೆಯಬೇಡಿ, ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ. ಒಳಗಿನದು ಹೆಚ್ಚು ಸವೆದಿದ್ದರೆ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ, ಇಲ್ಲವೇ ಪಿನ್ ಜಾಮ್ ಆಗಿ ಕ್ಯಾಲಿಪರ್ ಜಾರದೆ ಒಳಗಿನ ಪ್ಯಾಡ್ ಒಂದೇ ದುಡಿಯುತ್ತಿದೆ. ಹೊರಗಿನದು ಹೆಚ್ಚು ಸವೆದಿದ್ದರೆ ಪಿಸ್ಟನ್ ಚೆನ್ನಾಗಿದೆ, ಒತ್ತಿದಾಗ ಜಾರಿಬಂದ ಕ್ಯಾಲಿಪರ್ ವಾಪಸ್ ಹೋಗುತ್ತಿಲ್ಲ. ಒಂದೇ ಪ್ಯಾಡ್ ಮೇಲೆ ದಪ್ಪ, ಕೆಳಗೆ ತೆಳು ಎಂದು ಓರೆಯಾಗಿ ಸವೆದಿದ್ದರೆ ಎರಡು ಪಿನ್‌ಗಳಲ್ಲಿ ಒಂದು ಹಿಡಿದಿದೆ.

ಗಾಡಿ ಎಳೆಯುವ ದಿಕ್ಕಿನಲ್ಲೂ ಸುಳಿವಿದೆ. ಬ್ರೇಕ್ ಒತ್ತಿದಾಗ ಮಾತ್ರ ಎಡಕ್ಕೆ ಎಳೆದರೆ ಎಡಗಡೆಯದು ಸರಿಯಿದೆ, ಬಲಗಡೆಯದು ಕೆಲಸ ಮಾಡುತ್ತಿಲ್ಲ. ಬ್ರೇಕ್ ಒತ್ತದೆ ಇದ್ದಾಗಲೂ ಎಡಕ್ಕೆ ಎಳೆದು, ಎಡ ಚಕ್ರದಿಂದ ಸುಟ್ಟ ವಾಸನೆ ಬಂದರೆ ಅಲ್ಲಿ ಬ್ರೇಕ್ ಬಿಟ್ಟಿಲ್ಲ.

ಕ್ಯಾಲಿಪರನ್ನು ದೂರುವ ಮೊದಲು ಹೋಸ್ ಪರೀಕ್ಷೆ ಆಗಲೇಬೇಕು. ಕ್ಯಾಲಿಪರಿಗೆ ಬ್ರೇಕ್ ಆಯಿಲ್ ತರುವ ಹಳೆ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತದೆ. ಕಾಲಿನ ಬಲಕ್ಕೆ ಬ್ರೇಕ್ ಆಯಿಲ್ ಆಚೆ ಹೋಗುತ್ತದೆ, ವಾಪಸ್ ತಳ್ಳುವ ಬಲ ಇಲ್ಲದ್ದರಿಂದ ಅಲ್ಲೇ ಉಳಿಯುತ್ತದೆ. ಮುಂದಿನ ಎರಡೂ ಚಕ್ರ ಎತ್ತಿ, ಪೆಡಲ್ ಜೋರಾಗಿ ಒತ್ತಿ ಬಿಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಗಟ್ಟಿಯಾಗಿದ್ದರೆ ಆ ಕಡೆಯ ಬ್ಲೀಡ್ ನಿಪ್ಪಲನ್ನು (ಕ್ಯಾಲಿಪರಿನಿಂದ ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಅರ್ಧ ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಹಗುರಾಯಿತು ಎಂದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು, ಕ್ಯಾಲಿಪರ್ ನಿರ್ದೋಷಿ. ಒಂದೇ ಚಕ್ರ ಹೀಗಿದ್ದರೆ ಹೋಸ್ ಬದಲಿಸಿ. ಎರಡೂ ಹೀಗೇ ಇದ್ದರೆ ಪೆಡಲಿನ ಬಲವನ್ನು ಆಯಿಲಿನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರ್ ಕಡೆ ನೋಡಿ. ಅಲ್ಲಿ ವಾಪಸಾತಿ ರಂಧ್ರ ಮುಚ್ಚಿರಬಹುದು, ಇಲ್ಲವೇ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಬದಲಿಸಿದವರು, ಸಿಲಿಂಡರನ್ನು ತಳ್ಳುವ ಪುಶ್‌ರಾಡಿಗೆ ಆಟವೇ ಇಲ್ಲದಂತೆ ಬಿಗಿಸಿರಬಹುದು. ನಿಪ್ಪಲ್ ತೆರೆದರೂ ಚಕ್ರ ಬಿಡದಿದ್ದರೆ ಮಾತ್ರ ಪಿಸ್ಟನ್ ಅಥವಾ ಪಿನ್ ಬಿಚ್ಚುವ ಕೆಲಸ.

ಬಿಚ್ಚುವಾಗ

ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಗಾಡಿಯ ಜೊತೆ ಬಂದ ಜಾಕ್ ಸ್ಟೆಪ್ನಿ ಬದಲಿಸಲು ಇರುವುದು, ಅದೊಂದನ್ನೇ ನಂಬಿ ಈ ಕೆಲಸಕ್ಕೆ ಕೂರಬಾರದು. ಬ್ರೇಕ್ ಧೂಳನ್ನು ಗಾಳಿಯಲ್ಲಿ ಊದುವುದೂ ಬೇಡ. ಬಹಳ ಹಳೆಯ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ. ಸೋಪು ನೀರು ಚಿಮುಕಿಸಿ ಬಟ್ಟೆಯಲ್ಲಿ ಒರೆಸಿ.

ಮೊದಲು ಕೈ ಹಾಕಬೇಕಾದದ್ದು ಬ್ಲೀಡ್ ನಿಪ್ಪಲಿಗೆ, ಯಾಕೆಂದರೆ ಮುರಿಯುವುದೇ ಅದು. ಒಳಗೆ ಪೊಳ್ಳು, ಹೊರಗೆ ತುಕ್ಕು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಮರುದಿನ ಆರು ಮೂಲೆಯ ಸಾಕೆಟ್ ಹಾಕಿ, ಎರಡೇಟು ಮೆಲ್ಲಗೆ ಬಡಿದು, ಮೊದಲು ಬಿಗಿಸುವ ದಿಕ್ಕಿಗೆ ತುಸು ತಿರುಗಿಸಿ, ಆಮೇಲೆ ಬಿಚ್ಚಿ. ಓಪನ್ ಸ್ಪ್ಯಾನರ್ ಹಾಕಿ ಮೂಲೆ ಸವೆಸಿದರೆ ಮುಂದಿನ ದಾರಿ ಬಹಳ ಕಷ್ಟದ್ದು.

ಕ್ಯಾಲಿಪರಿನ ಎರಡು ಬೋಲ್ಟ್ ಬಿಚ್ಚಿದ ಮೇಲೆ ಅದನ್ನು ಹೋಸಿಗೆ ನೇತುಬಿಡಬಾರದು. ಸಸ್ಪೆನ್ಷನ್ ಸ್ಪ್ರಿಂಗಿಗೆ ತಂತಿ ಕಟ್ಟಿ ತೂಗುಹಾಕಿ. ಪಿಸ್ಟನ್ ಒಳಗೆ ಒತ್ತುವಾಗ ನಿಪ್ಪಲಿಗೆ ಟ್ಯೂಬ್ ಹಾಕಿ ತೆರೆದಿಟ್ಟು ಸಿ-ಕ್ಲಾಂಪಿನಲ್ಲಿ ನಿಧಾನವಾಗಿ ಒತ್ತಿ. ಕ್ಯಾಲಿಪರಿನ ತಳದಲ್ಲಿ ಕೂತ ಕಪ್ಪು ಕೊಳೆ ಹೊರಗೆ ಹೋಗುತ್ತದೆ. ನಿಪ್ಪಲ್ ಮುಚ್ಚಿಟ್ಟು ಒತ್ತಿದರೆ ಅದೇ ಕೊಳೆ ಮಾಸ್ಟರ್ ಸಿಲಿಂಡರಿಗೆ ಹೋಗಿ ಸೇರುತ್ತದೆ, ಮೇಲಿನ ಬ್ರೇಕ್ ಆಯಿಲ್ ಡಬ್ಬಿ ತುಂಬಿ ಚೆಲ್ಲಿ ಬಾನೆಟ್ ಒಳಗಿನ ಬಣ್ಣವನ್ನೂ ಕಿತ್ತುಹಾಕುತ್ತದೆ.

ಪಿನ್ ಮತ್ತು ಬ್ರಾಕೆಟ್

ಹೆಚ್ಚಿನ ಪಾಲು ತೊಂದರೆ ಇಲ್ಲೇ ಮುಗಿಯುತ್ತದೆ, ಪಿಸ್ಟನ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಎರಡು ಪಿನ್‌ಗಳು ನೋಡಲು ಒಂದೇ ಥರ ಇದ್ದರೂ ಎಷ್ಟೋ ಮಾಡೆಲ್‌ಗಳಲ್ಲಿ ಬೇರೆ ಬೇರೆ. ಒಂದಕ್ಕೆ ತುದಿಯಲ್ಲಿ ರಬ್ಬರ್ ತೋಳು ಇರುತ್ತದೆ, ಅಥವಾ ಮೈಯಲ್ಲಿ ಚಪ್ಪಟೆ ಕಡಿತ ಇರುತ್ತದೆ. ಮೇಲಿನದು ಕೆಳಗೆ ಹೋದರೆ ಹೊಸ ಗ್ರೀಸ್ ಹಾಕಿದರೂ ಸಿಕ್ಕಿಕೊಳ್ಳುತ್ತದೆ ಅಥವಾ ಹಳ್ಳದಲ್ಲಿ ಟಕ ಟಕ ಸದ್ದು ಮಾಡುತ್ತದೆ. ಬಿಚ್ಚುವಾಗಲೇ ಗುರುತು ಹಾಕಿ.

ಪಿನ್ನಿನ ಹಳೆ ಗ್ರೀಸ್ ಪೂರ್ತಿ ಒರೆಸಿ ಬೆಳಕಿಗೆ ಹಿಡಿಯಿರಿ. ನುಣುಪಾಗಿ ಹೊಳೆಯಬೇಕು. ಗುಳಿ ಬಿದ್ದಿದ್ದರೆ, ಉಗುರಿಗೆ ಸಿಗುವ ಗೆರೆ ಇದ್ದರೆ ಹೊಸ ಪಿನ್. ಎಮರಿಯಲ್ಲಿ ಉಜ್ಜಿ ಹಾಕಿದರೆ ಮೇಲಿನ ಲೇಪನ ಹೋಗಿ ಒಂದೇ ಮಳೆಗಾಲಕ್ಕೆ ಮತ್ತೆ ತುಕ್ಕು. ಪಿನ್ ಹೋಗುವ ರಂಧ್ರವನ್ನು ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ, ಬ್ರೇಕ್ ಕ್ಲೀನರ್ ಹೊಡೆದು, ತಳದವರೆಗೂ ಒರೆಸಿ.

ಗ್ರೀಸ್ ಯಾವುದು ಎಂಬುದರಲ್ಲಿ ರಾಜಿ ಬೇಡ. ಬೇರಿಂಗಿಗೆ, ಚಾಸಿಗೆ ಹಾಕುವ ಗ್ರೀಸ್ ಪೆಟ್ರೋಲಿಯಂನಿಂದ ಆದದ್ದು. ಬ್ರೇಕಿನ ರಬ್ಬರ್ ಬಹುಪಾಲು ಇಪಿಡಿಎಂ ಎಂಬ ಸಿಂಥೆಟಿಕ್ ಜಾತಿಯದು, ಅದಕ್ಕೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಊದಿದ ಬೂಟ್ (ಪಿನ್ನಿನ ರಬ್ಬರ್ ಮುಸುಕು) ಪಿನ್ನನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ‘ಗ್ರೀಸ್ ಹಾಕಿಸಿಯೂ ಜಾಮ್’ ಎನ್ನುವ ದೂರು. ಕ್ಯಾಲಿಪರ್ ಪಿನ್ನಿಗೆಂದೇ ಬರುವ ಸಿಲಿಕೋನ್ ಅಥವಾ ಸಿಂಥೆಟಿಕ್ ಗ್ರೀಸ್ ಕೇಳಿ ತನ್ನಿ. ಪಿನ್ನೊಂದಕ್ಕೆ ಒಂದು ಕಡಲೆಕಾಳಿನಷ್ಟು ಸಾಕು, ಮೈಗೆಲ್ಲ ತೆಳುವಾಗಿ ಸವರಿ. ರಂಧ್ರ ತುಂಬಾ ತುರುಕಿದರೆ ಗಾಳಿ ಹೊರಹೋಗಲು ಜಾಗವಿಲ್ಲದೆ ಪಿನ್ ಒಳಗೆ ಹೋಗುವುದಿಲ್ಲ, ತಳ್ಳಿದರೂ ಪುಟಿದು ವಾಪಸ್ ಬರುತ್ತದೆ. ಪಿನ್ ಸೇರಿಸುವಾಗ ಬೂಟಿನ ತುಟಿಯನ್ನು ಬೆರಳಲ್ಲಿ ಹಿಂಡಿ ಗಾಳಿ ಬಿಡಿ. ಎರಡು ಬೆರಳಲ್ಲಿ ಎಳೆದರೆ ಬರಬೇಕು, ಬಿಟ್ಟಲ್ಲಿ ನಿಲ್ಲಬೇಕು. ಬೂಟ್ ಹರಿದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ, ಮೊದಲು ಅದನ್ನು ಬದಲಿಸಿ.

ಪ್ಯಾಡನ್ನು ಹಿಡಿದಿಡುವ ಚೌಕಟ್ಟಾದ ಬ್ರಾಕೆಟ್ಟಿನಲ್ಲಿ ಅದರ ಕಿವಿ ಕೂರುವ ಜಾಗಕ್ಕೆ ತೆಳು ಸ್ಟೀಲ್ ಕ್ಲಿಪ್ ಇರುತ್ತದೆ. ಅದನ್ನು ಕಿತ್ತು ಅಡಿಯಲ್ಲಿ ನೋಡುವವರು ಕಡಿಮೆ. ಅಲ್ಲಿ ತುಕ್ಕು ಬೆಳೆದು ಕ್ಲಿಪ್ಪನ್ನು ಮೇಲಕ್ಕೆ ದೂಡಿರುತ್ತದೆ, ಪ್ಯಾಡ್ ಇಕ್ಕಟ್ಟಿನಲ್ಲಿ ಸಿಕ್ಕಿ ಹಿಂದೆ ಸರಿಯುವುದಿಲ್ಲ. ಕೆಲವರು ಪ್ಯಾಡನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಾರೆ, ಇನ್ನು ಕೆಲವರು ಪ್ಯಾಡಿನ ಕಿವಿಯನ್ನೇ ಗ್ರೈಂಡರಿಗೆ ಕೊಡುತ್ತಾರೆ. ಎರಡೂ ತಪ್ಪು. ಕ್ಲಿಪ್ ತೆಗೆದು, ಬ್ರಾಕೆಟ್ಟಿನ ತುಕ್ಕನ್ನು ವೈರ್ ಬ್ರಷ್ ಮತ್ತು ಚಪ್ಪಟೆ ಅರದಿಂದ ಲೋಹ ಕಾಣುವಷ್ಟು ಮಾತ್ರ ಉಜ್ಜಿ, ಹೊಸ ಕ್ಲಿಪ್ ಹಾಕಿ. ಪ್ಯಾಡ್ ಕೈಯಲ್ಲೇ ಜಾರಬೇಕು. ಮಂಗಳೂರು, ಉಡುಪಿ, ಕಾರವಾರದ ಕಡಲಗಾಳಿಗೆ ನಿಲ್ಲುವ ಗಾಡಿಗಳಲ್ಲಿ ಇದನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಮಾಡಬೇಕು. ಘಟ್ಟದ ಮೇಲಿನ ಒಣ ಊರುಗಳಲ್ಲಿ 20,000 ಕಿ.ಮೀ.ಗೊಮ್ಮೆ ಸಾಕು.

ಪಿಸ್ಟನ್ ತೆಗೆಯಲೇಬೇಕಾದರೆ

ಕ್ಲಾಂಪಿಗೂ ಜಗ್ಗದ ಪಿಸ್ಟನ್, ಪಿಸ್ಟನ್ನಿಗೆ ಧೂಳು ತಾಗದಂತೆ ಕಾಯುವ ಡಸ್ಟ್ ಬೂಟ್ ಹರಿದಿರುವುದು, ಬೂಟಿನೊಳಗೆ ಒದ್ದೆ. ಈ ಮೂರರಲ್ಲಿ ಒಂದು ಕಂಡರೂ ಸೀಲ್ ಕಿಟ್ ಹಾಕಬೇಕು. ಕಿಟ್ಟಿಗೆ ಕೆಲವು ನೂರು ರೂಪಾಯಿ, ಪೂರ್ತಿ ಕ್ಯಾಲಿಪರಿಗೆ ಅದರ ಹಲವು ಪಟ್ಟು. ಒಂದು ಕಡೆ ಹಾಕಿದರೆ ಇನ್ನೊಂದು ಕಡೆಗೂ ಹಾಕಿ. ಹೊಸ ಸೀಲ್ ಮತ್ತು ಹಳೆ ಸೀಲ್ ಒಂದೇ ವೇಗದಲ್ಲಿ ಬಿಡುವುದಿಲ್ಲ.

ಪಿಸ್ಟನ್ ಹೊರತರಲು ಅತ್ಯುತ್ತಮ ಸಾಧನ ಬ್ರೇಕ್ ಪೆಡಲ್ಲೇ. ಹೋಸ್ ಬಿಚ್ಚುವ ಮೊದಲು ಕ್ಯಾಲಿಪರ್ ಬಾಯಿಗೆ ಮರದ ತುಂಡು ಇಟ್ಟು, ಪೆಡಲನ್ನು ಮೆಲ್ಲಗೆ ಒತ್ತುತ್ತಾ ಹೋಗಿ. ಇನ್ನೊಂದು ಕಡೆಯ ಕ್ಯಾಲಿಪರ್ ಡಿಸ್ಕಿನ ಮೇಲೇ ಇರಲಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆದು ತೆಗೆಸುವ ರೂಢಿಯಿದೆ. ಆ ಒತ್ತಡಕ್ಕೆ ಪಿಸ್ಟನ್ ಗುಂಡಿನಂತೆ ಹಾರುತ್ತದೆ, ಎದುರಿಗೆ ಬೆರಳಿದ್ದರೆ ಬೆರಳು ಹೋದಂತೆಯೇ. ಬೇರೆ ದಾರಿಯಿಲ್ಲದೆ ಗಾಳಿ ಬಳಸಬೇಕಾದರೆ ಒತ್ತಡ ಬಹಳ ಕಡಿಮೆಯಿಂದ ಶುರುವಾಗಲಿ, ಎದುರಿಗೆ ದಪ್ಪ ಮರದ ತುಂಡು, ಮೇಲೆ ಬಟ್ಟೆ.

ಹೋಸ್ ಬಿಚ್ಚಿದ ಮೇಲೆ ಡಬ್ಬಿ ಖಾಲಿಯಾಗದಂತೆ ಒಂದು ಉಪಾಯ: ಪೆಡಲನ್ನು ಒಂದಂಗುಲದಷ್ಟು ಒತ್ತಿ ಸೀಟಿಗೂ ಪೆಡಲಿಗೂ ಕೋಲು ಕೊಟ್ಟು ನಿಲ್ಲಿಸಿ. ಮಾಸ್ಟರ್ ಸಿಲಿಂಡರಿನ ರಂಧ್ರ ಮುಚ್ಚಿಕೊಂಡು ಸೋರಿಕೆ ನಿಲ್ಲುತ್ತದೆ. ಬ್ರೇಕ್ ಲೈಟ್ ಉರಿಯುತ್ತಲೇ ಇರುವುದರಿಂದ ಬ್ಯಾಟರಿಯ ಒಂದು ವೈರ್ ತೆಗೆದಿಡಿ. ಹೋಸನ್ನು ಪ್ಲೈಯರ್‌ನಲ್ಲಿ ಹಿಚುಕಿ ಹಿಡಿಯುವುದು ಮಾತ್ರ ಬೇಡ, ಒಳಪದರ ಒಡೆದರೆ ಮೇಲೆ ಹೇಳಿದ ಒಮ್ಮುಖ ದಾರಿಯ ಕಾಯಿಲೆಯನ್ನು ನೀವೇ ತಂದುಕೊಂಡಂತೆ.

ಪಿಸ್ಟನ್ನಿನ ಕ್ರೋಮ್ ಮೈಯಲ್ಲಿ ಸೀಲ್ ಓಡಾಡುವ ಜಾಗಕ್ಕೆ ಗುಳಿ ಬಿದ್ದಿದ್ದರೆ ಅದು ಗುಜರಿಗೆ. ಬರೀ ಕಲೆಯಾದರೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಬೋರಿನ ಗೋಡೆಯ ಸಣ್ಣ ಕಲೆಗೆ ಅಷ್ಟು ಹೆದರಬೇಕಿಲ್ಲ. ಸೀಲ್ ಕೂತಿರುವುದು ಗ್ರೂವಿನಲ್ಲಿ, ಉಜ್ಜುವುದು ಪಿಸ್ಟನ್ನಿಗೆ, ಗೋಡೆಗೆ ಅದು ತಾಗುವುದೇ ಇಲ್ಲ.

ನಿಜವಾದ ಕಳ್ಳ ಅಡಗಿರುವುದು ಆ ಗ್ರೂವಿನಲ್ಲಿ. ಸೀಲ್ ತೆಗೆದರೆ ಅದರ ಹಿಂದೆ ಕಂದು ಬಣ್ಣದ ಗಟ್ಟಿ ಪದರ ಕಾಣುತ್ತದೆ. ಆಯಿಲಿನಲ್ಲಿ ಸೇರಿದ ನೀರು ಎರಕದ ಕಬ್ಬಿಣಕ್ಕೆ ತಾಗಿ ವರ್ಷಗಟ್ಟಲೆ ಬೆಳೆದ ತುಕ್ಕು ಅದು. ಹಿಂದಿನಿಂದ ಅದು ದೂಡುವುದರಿಂದ ಸೀಲ್ ಪಿಸ್ಟನ್ನನ್ನು ಅತಿಯಾಗಿ ಬಿಗಿಹಿಡಿಯುತ್ತದೆ, ವಾಲಲು ಜಾಗವಿಲ್ಲದೆ ಹಿಂದೆಳೆಯುವುದನ್ನೂ ಮರೆಯುತ್ತದೆ. ಕಿಟ್ ಹಾಕಿಸಿ ತಿಂಗಳೊಳಗೆ ಮತ್ತೆ ಜಾಮ್ ಆಗುವ ಕ್ಯಾಲಿಪರ್‌ಗಳಲ್ಲಿ ಈ ಗ್ರೂವನ್ನು ಯಾರೂ ಕೆರೆದಿರುವುದಿಲ್ಲ. ಹಿತ್ತಾಳೆ ತಂತಿಯ ತುದಿ ಬಗ್ಗಿಸಿ, ಅಥವಾ ಬಿದಿರಿನ ಕಡ್ಡಿ ಚೂಪು ಮಾಡಿ, ಗ್ರೂವಿನ ತಳ ಮತ್ತು ಎರಡೂ ಮೂಲೆ ಸ್ವಚ್ಛವಾಗುವವರೆಗೆ ಕೆರೆಯಿರಿ. ಅರ್ಧ ಗಂಟೆ ಹಿಡಿದರೂ ಸರಿ. ಸ್ಟೀಲ್ ಸ್ಕ್ರೂಡ್ರೈವರ್ ಗೀರು ಮಾಡುತ್ತದೆ, ಗೀರಿನಿಂದ ಸೋರುತ್ತದೆ. ಡಸ್ಟ್ ಬೂಟ್ ಕೂರುವ ಗ್ರೂವಿಗೂ ಇದೇ ಉಪಚಾರ.

ತೊಳೆಯಲು ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಬೇಡ. ಗ್ಯಾರೇಜಿನ ಮೂಲೆಯಲ್ಲಿ ಎಲ್ಲಕ್ಕೂ ಇರುವ ಆ ಕರಿ ಟ್ರೇ ಬ್ರೇಕ್ ಭಾಗಗಳಿಗೆ ಶತ್ರು. ಬ್ರೇಕ್ ಕ್ಲೀನರ್, ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಹೊಸ ಬ್ರೇಕ್ ಆಯಿಲ್ ಬಳಸಿ, ಪೂರ್ತಿ ಒಣಗಿಸಿ.

ಜೋಡಿಸುವಾಗ ಸೀಲನ್ನು ಹೊಸ ಬ್ರೇಕ್ ಆಯಿಲಿನಲ್ಲಿ ಅದ್ದಿ ಗ್ರೂವಿನಲ್ಲಿ ಕೂರಿಸಿ, ಸುತ್ತ ಬೆರಳಾಡಿಸಿ ಎಲ್ಲೂ ತಿರುಚಿಲ್ಲವೆಂದು ನೋಡಿ. ಬೂಟಿನ ಒಳಗೆ ತೆಳುವಾಗಿ ಕೆಂಪು ರಬ್ಬರ್ ಗ್ರೀಸ್. ಬಹುತೇಕ ಈ ಕ್ಯಾಲಿಪರ್‌ಗಳಲ್ಲಿ ಬೂಟನ್ನು ಮೊದಲು ಪಿಸ್ಟನ್ನಿನ ಬುಡದ ಕಡೆಗೆ ತೊಡಿಸಿ, ಅದರ ತುಟಿಯನ್ನು ಕ್ಯಾಲಿಪರಿನ ಗ್ರೂವಿಗೆ ಸುತ್ತಲೂ ಸೇರಿಸಿ, ಆಮೇಲೆ ಪಿಸ್ಟನ್ನನ್ನು ನೇರವಾಗಿ ಒಳಗೆ ಕಳಿಸಬೇಕು. ಕೊನೆಗೆ ಬೂಟಿನ ಇನ್ನೊಂದು ತುಟಿ ಪಿಸ್ಟನ್ನಿನ ಗ್ರೂವಿನಲ್ಲಿ ತಾನೇ ಕೂರುತ್ತದೆ. ಎರಡು ಹೆಬ್ಬೆರಳ ಬಲಕ್ಕೆ ಪಿಸ್ಟನ್ ಹೋಗಬೇಕು. ಸುತ್ತಿಗೆ ಬೇಕೆನಿಸಿದರೆ ಸೀಲ್ ತಿರುಚಿದೆ, ಇಲ್ಲವೇ ಗ್ರೂವ್ ಇನ್ನೂ ಸ್ವಚ್ಛವಾಗಿಲ್ಲ.

ಹೋಸಿನ ಬೋಲ್ಟಿಗೆ ಎರಡೂ ತಾಮ್ರದ ವಾಷರ್ ಹೊಸದೇ ಆಗಬೇಕು. ಬಿಗಿತ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಪಿನ್ ಬೋಲ್ಟಿಗೆ 22ರಿಂದ 35, ಬ್ರಾಕೆಟ್ ಬೋಲ್ಟಿಗೆ 80ರಿಂದ 110, ನಿಪ್ಪಲಿಗೆ 7ರಿಂದ 10 ನ್ಯೂಟನ್ ಮೀಟರ್. ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಡಿಸ್ಕಿನ ಕನಿಷ್ಠ ದಪ್ಪ ಹೆಚ್ಚಾಗಿ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ, ಅದಕ್ಕಿಂತ ತೆಳುವಾಗಿದ್ದರೆ ಲೇತಿಗೆ ಕೊಡುವ ಮಾತೇ ಇಲ್ಲ. ಪ್ಯಾಡ್ 3 ಮಿ.ಮೀ.ಗೆ ಇಳಿದರೆ ಬದಲಿಸಿ.

ಬ್ರೇಕ್ ಆಯಿಲ್ ಎಂಬ ಹೆಸರಿನ ಕಿತಾಪತಿ

ಎಲ್ಲರೂ ಆಯಿಲ್ ಅನ್ನುತ್ತೇವೆ, ಅದು ಎಣ್ಣೆಯಲ್ಲ, ಗ್ಲೈಕಾಲ್ ದ್ರವ. ಹೆಸರು ನಂಬಿ ಡಬ್ಬಿಗೆ ಎಂಜಿನ್ ಆಯಿಲ್ ಸುರಿದವರಿದ್ದಾರೆ. ಹಾಗಾದರೆ ಮೊದಲು ಮುಚ್ಚಳದ ರಬ್ಬರ್ ಊದುತ್ತದೆ, ಆಮೇಲೆ ಮಾಸ್ಟರ್ ಸಿಲಿಂಡರಿನಿಂದ ಹಿಂದಿನ ವೀಲ್ ಸಿಲಿಂಡರಿನವರೆಗೆ ಇರುವ ರಬ್ಬರೆಲ್ಲ ಕೆಡುತ್ತದೆ. ಆಗ ಬರೀ ತೊಳೆದು ಬಿಟ್ಟರೆ ಸಾಲದು, ರಬ್ಬರ್ ಭಾಗ ಅಷ್ಟನ್ನೂ ಬದಲಿಸಬೇಕು.

ಈ ದ್ರವ ಗಾಳಿಯ ತೇವ ಹೀರುತ್ತದೆ. ಬಾಟಲಿಯ ಮೇಲೆ ಬರೆದ ಡಾಟ್ ಎಂಬುದು ದ್ರವದ ದರ್ಜೆ. ಡಾಟ್ 3ರ ಕುದಿಬಿಂದು ಹೊಸತರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ಶೇ 3.7ರಷ್ಟು ನೀರು ಸೇರಿದಾಗ ಅದರ ಮಟ್ಟ 140. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155. ಚಾರ್ಮಾಡಿಯಿಂದಲೋ ಆಗುಂಬೆಯಿಂದಲೋ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ, ಅದರಲ್ಲೂ ಒಂದು ಕ್ಯಾಲಿಪರ್ ಬಿಡದೆ ಉಜ್ಜುತ್ತಿದ್ದರೆ, ಹಳೆ ದ್ರವ ಕುದಿದು ಆವಿಯಾಗುತ್ತದೆ. ಆವಿ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿರಿ. ಡಾಟ್ 3 ಬೇಕಾದಲ್ಲಿ ಡಾಟ್ 4 ಹಾಕಬಹುದು. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಬೆರೆಸಬಾರದು. ಡಾಟ್ 5.1 ಹೆಸರಲ್ಲಿ ಹತ್ತಿರವಿದ್ದರೂ ಮತ್ತೆ ಗ್ಲೈಕಾಲ್ ಜಾತಿಯದೇ.

ಏರ್ ತೆಗೆಯುವುದು

ಸೀಲ್ ಮಾಡಿದ ಅರ್ಧ ಲೀಟರ್ ಬಾಟಲಿ ಎರಡು ತನ್ನಿ. ಪಾರದರ್ಶಕ ಟ್ಯೂಬಿನ ಒಂದು ತುದಿ ನಿಪ್ಪಲಿಗೆ, ಇನ್ನೊಂದು ತುದಿ ಸ್ವಲ್ಪ ದ್ರವ ಇರುವ ಬಾಟಲಿಯೊಳಗೆ ಮುಳುಗಿರಲಿ. ಪೆಡಲಿನಲ್ಲಿ ಕೂತವರು ಒತ್ತಿ ಹಿಡಿದು ಕೂಗಬೇಕು, ಕೆಳಗಿನವರು ನಿಪ್ಪಲ್ ತೆರೆದು ಮುಚ್ಚಿ ‘ಬಿಡಿ’ ಅಂದ ಮೇಲೆಯೇ ಕಾಲು ತೆಗೆಯಬೇಕು. ಇದರಲ್ಲಿ ಹಿಂದುಮುಂದಾದರೆ ಗಾಳಿ ಹೊರಹೋಗುವ ಬದಲು ಒಳಗೆ ಬರುತ್ತದೆ. ಡಬ್ಬಿ ಖಾಲಿಯಾಗದಂತೆ ನಡುನಡುವೆ ತುಂಬುತ್ತಿರಿ.

ಹಳೆ ಗಾಡಿಯಲ್ಲಿ ಪೆಡಲನ್ನು ನೆಲದವರೆಗೆ ಒತ್ತಬಾರದು. ಮಾಸ್ಟರ್ ಸಿಲಿಂಡರಿನ ಸೀಲ್ ಇಷ್ಟು ವರ್ಷ ಮೇಲ್ಭಾಗದಲ್ಲೇ ಓಡಾಡಿದೆ, ಅದರಾಚೆ ತುಕ್ಕು ಕಟ್ಟಿರುತ್ತದೆ. ಪೂರ್ತಿ ಒತ್ತಿದರೆ ಸೀಲ್ ಆ ತುಕ್ಕಿನ ಮೇಲೆ ಹರಿದು, ಕ್ಯಾಲಿಪರ್ ಕೆಲಸಕ್ಕೆ ಬಂದ ಗಾಡಿ ಮಾಸ್ಟರ್ ಸಿಲಿಂಡರ್ ಬೇಡುತ್ತದೆ. ಪೆಡಲಿನ ಅಡಿಗೆ ಮರದ ತುಂಡು ಇಡಿ.

ಎಷ್ಟು ಸಲ ಮಾಡಿದರೂ ಪೆಡಲ್ ಸ್ಪಂಜಿನಂತೆಯೇ ಇದ್ದರೆ ಎದ್ದು ನಿಪ್ಪಲ್ ಎಲ್ಲಿದೆ ನೋಡಿ. ಅದು ಕ್ಯಾಲಿಪರಿನ ಮೇಲ್ತುದಿಯಲ್ಲಿ ಇರಬೇಕು. ಎಡ ಬಲ ಅದಲುಬದಲಾಗಿದ್ದರೆ ಬೋಲ್ಟ್‌ಗಳೆಲ್ಲ ಸರಿಯಾಗಿ ಕೂತರೂ ನಿಪ್ಪಲ್ ಕೆಳಗೆ ಬಂದಿರುತ್ತದೆ, ಮೇಲೆ ಸಿಕ್ಕ ಗಾಳಿ ಎಂದೂ ಹೊರಬರುವುದಿಲ್ಲ.

ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಇಲ್ಲದಿದ್ದರೆ ಮೊದಲ ಸಲ ಬ್ರೇಕೇ ಇರುವುದಿಲ್ಲ, ಮನೆ ಗೇಟಿಗೆ ಗುದ್ದುವ ಗಾಡಿಗಳು ಹೀಗೇ. ಹೊಸ ಪ್ಯಾಡ್ ಕೂರಿಸಲು ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ.ಯಿಂದ 15ಕ್ಕೆ ನಿಧಾನವಾಗಿ ಇಳಿಸಿ. ಪೂರ್ತಿ ನಿಲ್ಲಿಸದೆ, ನಡುವೆ ಅರ್ಧ ನಿಮಿಷ ಓಡಿಸಿ ತಂಪಾಗಲು ಬಿಟ್ಟು, ಹತ್ತು ಸಲ ಹೀಗೆ ಮಾಡಿ.

ಮರುದಿನ ಹತ್ತು ಕಿ.ಮೀ. ಆದಷ್ಟು ಬ್ರೇಕ್ ಹಾಕದೆ ಓಡಿಸಿ, ನಿಧಾನವಾಗಿ ನಿಲ್ಲಿಸಿ, ಎರಡೂ ಮುಂದಿನ ಚಕ್ರಗಳ ರಿಮ್ ಹತ್ತಿರ ಕೈ ಹಿಡಿದು ಹೋಲಿಸಿ. ಡಿಸ್ಕ್ ಮುಟ್ಟಬೇಡಿ. ಒಂದು ಕಡೆ ಸ್ಪಷ್ಟವಾಗಿ ಹೆಚ್ಚು ಬಿಸಿ ಇದ್ದರೆ ಅಲ್ಲಿ ಏನೋ ಇನ್ನೂ ಹಿಡಿದಿದೆ, ಮೊದಲು ಪಿನ್ ನೋಡಿ. ಒಂದು ವಾರದ ನಂತರ ನಿಪ್ಪಲ್ ಬುಡ, ತಾಮ್ರದ ವಾಷರ್ ಸುತ್ತ ಬಿಳಿ ಕಾಗದದಿಂದ ಒರೆಸಿ ಒದ್ದೆಯಿದೆಯೇ ನೋಡಿ, ವೀಲ್ ನಟ್‌ಗಳನ್ನೂ ಇನ್ನೊಮ್ಮೆ ಬಿಗಿಸಿ.